ಎರಡು ಹೆಸರಿನ ಊರಿನಲ್ಲಿ ವಿದ್ಯಾರ್ಥಿ

ಸ್ಪ್ಯಾನಿಷ್ ಭಾಷೆಯನ್ನು ಅದರ ತವರಿನಲ್ಲಿಯೇ ಕಲಿಯಬೇಕೆಂಬ ಹಂಬಲದಿಂದ ಸ್ಪೇನ್ ದೇಶಕ್ಕೆ ತೆರಳುವ ವಿದ್ಯಾರ್ಥಿಗಳೆಲ್ಲರೂ ಮಡ್ರಿಡಿಗೋ ಬಾರ್ಸೆಲೋನಕ್ಕೋ ಹೋಗುವುದಿಲ್ಲ. ಕೆಲವರ ಪಾಲಿಗೆ ಉತ್ತರ ತೀರದ ಸಾನ್ ಸೆಬಾಸ್ಟಿಯನ್ ಎಂಬ ಕಡಲೂರು ಬರುತ್ತದೆ. ಅಲ್ಲಿ ಬಂದಿಳಿದವರ ಕಣ್ಣಿಗೆ ಮೊದಲು ಬೀಳುವುದು ಫಲಕದ ಮೇಲಿನ ಎರಡು ಹೆಸರುಗಳು: ದೊನೋಸ್ತಿಯ, ಸಾನ್ ಸೆಬಾಸ್ಟಿಯನ್. ಊರು ಒಂದೇ. ವಿಚಾರಿಸಿ ನೋಡಿದರೆ ಹೆಸರೂ ಒಂದೇ. ಬಾಸ್ಕ್ ನುಡಿಯಲ್ಲಿ ‘ದೊನೆ’ ಎಂದರೆ ಸಂತ. ‘ದೊನೆ ಸೆಬಾಸ್ಟಿಯನ್’ ಎಂಬುದೇ ಜನರ ಬಾಯಲ್ಲಿ ತಲೆಮಾರುಗಳ ಕಾಲ ಸವೆದು ದೊನೋಸ್ತಿಯ ಎಂದಾಯಿತು.

ಒಬ್ಬನೇ ಸಂತನನ್ನು ಎರಡು ಭಾಷೆಗಳು ಎರಡು ಬಗೆಯಾಗಿ ಕೂಗಿ ಕರೆದಿವೆ. ಒಂದು, ಖಂಡಾಂತರಗಳಲ್ಲಿ ಹಬ್ಬಿ ಕೋಟ್ಯಂತರ ಜನ ಆಡುವ ಭಾಷೆ. ಇನ್ನೊಂದು, ಪಿರೆನೀಸ್ ಪರ್ವತದ ಪಶ್ಚಿಮದ ತುದಿಯಲ್ಲಿ ಸುಮಾರು ಏಳೂವರೆ ಲಕ್ಷ ಜನರ ಬಾಯಲ್ಲಿ ಉಳಿದಿರುವ ಭಾಷೆ. ದೊಡ್ಡದನ್ನು ಕಲಿಯಲು ಬಂದವರು ಚಿಕ್ಕದನ್ನು ಕಂಡು ಏನು ಮಾಡಬೇಕು? ಈ ಊರಿನಲ್ಲಿ ಓದುವವರು ಪಠ್ಯಪುಸ್ತಕದಲ್ಲಿಲ್ಲದ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ.

ಚಿಪ್ಪಿನಾಕಾರದ ಕೊಲ್ಲಿ

ಸಾನ್ ಸೆಬಾಸ್ಟಿಯನ್ ಬಿಸ್ಕೆ ಕೊಲ್ಲಿಯ ದಂಡೆಯಲ್ಲಿದೆ. ಗಿಪುಸ್ಕೋವ ಪ್ರಾಂತದ ರಾಜಧಾನಿ. ಫ್ರಾನ್ಸಿನ ಗಡಿ ಅಲ್ಲಿಗೆ ಸುಮಾರು ೨೦ ಕಿಲೊಮೀಟರ್ ಮಾತ್ರ. ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಕಡಮೆ. ಒಂದು ಬದಿಗೆ ಉರ್ಗುಲ್ ಗುಡ್ಡ, ಇನ್ನೊಂದು ಬದಿಗೆ ಇಗೆಲ್ದೊ ಗುಡ್ಡ, ನಡುನೀರಿನಲ್ಲಿ ಸಾಂತ ಕ್ಲಾರ ಎಂಬ ಪುಟ್ಟ ದ್ವೀಪ. ಈ ಮೂರರ ಮರೆಯಲ್ಲಿ ಅರ್ಧಚಂದ್ರಾಕಾರವಾಗಿ ಬಾಗಿದ ಮರಳ ದಂಡೆ. ಅದರ ಹೆಸರು ಲಾ ಕೊಂಚ, ಎಂದರೆ ಚಿಪ್ಪು. ಇಗೆಲ್ದೊ ಗುಡ್ಡದ ಬುಡದಲ್ಲಿ, ಅಲೆಗಳು ಅಪ್ಪಳಿಸುವ ಬಂಡೆಗಳ ಮೇಲೆ, ಇದೇ ಊರಿನಲ್ಲಿ ಹುಟ್ಟಿದ ಶಿಲ್ಪಿ ಎದುವಾರ್ದೊ ಚಿಲ್ಲಿದ ನಿಲ್ಲಿಸಿದ ಮೂರು ಉಕ್ಕಿನ ಶಿಲ್ಪಗಳಿವೆ. ‘ಗಾಳಿಯ ಬಾಚಣಿಗೆ’ ಎಂದು ಅವಕ್ಕೆ ಹೆಸರು. ೧೯೭೭ರಿಂದ ಅವು ಅಲ್ಲಿ ನಿಂತು ಕಡಲ ಗಾಳಿಯ ಸಿಕ್ಕು ಬಿಡಿಸುತ್ತಿವೆ.

ಸ್ಪೇನ್ ಎಂದೊಡನೆ ಬಿಸಿಲನ್ನು ನೆನೆಯುವವರು ಇಲ್ಲಿ ಕೊಡೆ ಮರೆಯಬಾರದು. ಮಡ್ರಿಡಿನಲ್ಲಿ ಬೀಳುವ ಮಳೆಯ ಮೂರು ಪಟ್ಟಿಗಿಂತಲೂ ಹೆಚ್ಚು ಮಳೆ ಈ ಊರಿನಲ್ಲಿ ಸುರಿಯುತ್ತದೆ. ಬಿದ್ದೂ ಬೀಳದಂತೆ ದಿನವಿಡೀ ಜಿನುಗುವ ತುಂತುರಿಗೆ ಅಲ್ಲಿಯ ಜನ ‘ಸಿರಿಮಿರಿ’ ಎನ್ನುತ್ತಾರೆ. ಮಲೆನಾಡಿನಲ್ಲಿ ಬೆಳೆದವರಿಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಊರಿನ ಈಗಿನ ಬೆಡಗು ರಾಣಿಯರ ಕಾಲದ್ದು. ೧೮೪೫ರಲ್ಲಿ ಎರಡನೆಯ ಇಸಬೆಲ್ಲ ರಾಣಿ ಕಡಲ ಸ್ನಾನಕ್ಕಾಗಿ ಇಲ್ಲಿಗೆ ಬಂದಳು. ಮುಂದೆ ರಾಜಪ್ರತಿನಿಧಿಯಾದ ರಾಣಿ ಮಾರಿಯ ಕ್ರಿಸ್ತೀನ ಬೇಸಗೆಯನ್ನೆಲ್ಲ ಇಲ್ಲಿಯೇ ಕಳೆಯುತ್ತಿದ್ದಳು. ಅವಳಿಗಾಗಿ ೧೮೯೩ರಲ್ಲಿ ಕಟ್ಟಿದ ಮಿರಾಮಾರ್ ಅರಮನೆ ಇಂದಿಗೂ ಕೊಲ್ಲಿಯನ್ನು ನೋಡುತ್ತ ನಿಂತಿದೆ. ೧೯೫೩ರಿಂದ ನಡೆದು ಬಂದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಊರಿನ ಹೆಸರನ್ನು ಜಗತ್ತಿಗೆಲ್ಲ ತಿಳಿಸಿತು.

ಆದರೆ ಊರಿನ ನೆನಪು ರಾಣಿಯರಿಗಿಂತ ಹಿಂದಿನದು. ಹಳೆಯ ಪೇಟೆಯ ಒಂದು ಬೀದಿಗೆ ‘ಆಗಸ್ಟ್ ೩೧ರ ಬೀದಿ’ ಎಂದೇ ಹೆಸರು. ೧೮೧೩ರ ಆ ದಿನ, ನೆಪೋಲಿಯನ್ನನ ಸೈನ್ಯದ ವಶದಲ್ಲಿದ್ದ ಊರನ್ನು ಬ್ರಿಟಿಷ್ ಮತ್ತು ಪೋರ್ಚುಗೀಸ್ ಪಡೆಗಳು ಮುತ್ತಿ ಗೆದ್ದವು. ಬಿಡಿಸಲು ಬಂದ ಮಿತ್ರಪಡೆಯೇ ಊರನ್ನು ಸುಲಿಯಿತು. ಬೆಂಕಿ ಹಲವು ದಿನ ಉರಿಯಿತು. ಆರುನೂರರಷ್ಟು ಮನೆಗಳಲ್ಲಿ ಉಳಿದವು ನಲವತ್ತಕ್ಕೂ ಕಡಮೆ. ಉಳಿದ ಆ ಮನೆಗಳ ಬೀದಿಯೇ ಇದು. ಆ ಸೈನ್ಯಗಳ ಮಹಾದಂಡನಾಯಕನ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಸೂರೆಯಾದ ಮೇಲೆ ಅಲ್ಲಿಯ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಕಾವೇರಿಯ ನಡುಗಡ್ಡೆಯೂ ಬಿಸ್ಕೆಯ ಈ ದಂಡೆಯೂ ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ರಾತ್ರಿಯನ್ನು ಕಂಡವು. ಈಗಲೂ ಪ್ರತಿವರ್ಷ ಆಗಸ್ಟ್ ೩೧ರ ಸಂಜೆ ಆ ಬೀದಿಯಲ್ಲಿ ಮೇಣದ ಬತ್ತಿಗಳು ಬೆಳಗುತ್ತವೆ.

ಓದಲು ಬರುವವರು

ಇಲ್ಲಿ ಉನ್ನತ ವಿದ್ಯೆಗೆ ಹಲವು ಬಾಗಿಲುಗಳುಂಟು. ಸರಕಾರಿ ಸಂಸ್ಥೆಯಾದ ಬಾಸ್ಕ್ ದೇಶದ ವಿಶ್ವವಿದ್ಯಾಲಯ ೧೯೮೦ರಿಂದ ಈ ಹೆಸರಿನಲ್ಲಿದೆ. ಅದರ ಗಿಪುಸ್ಕೋವ ವಿಭಾಗ ಊರಂಚಿನ ಇಬಾಯೆತದಲ್ಲಿದೆ. ಯೇಸು ಸಭೆಯ ಪಾದ್ರಿಗಳು ೧೮೮೬ರಲ್ಲಿ ಬಿಲ್ಬಾವೊದಲ್ಲಿ ಸ್ಥಾಪಿಸಿದ ದೆಉಸ್ತೊ ವಿಶ್ವವಿದ್ಯಾಲಯಕ್ಕೂ ಇಲ್ಲೊಂದು ಶಾಖೆಯಿದೆ. ಪಾಕಶಾಸ್ತ್ರವನ್ನು ಪದವಿ ವ್ಯಾಸಂಗವಾಗಿ ಕಲಿಸುವ ಬಾಸ್ಕ್ ಕಲಿನರಿ ಸೆಂಟರ್ ೨೦೧೧ರಲ್ಲಿ ಬಾಗಿಲು ತೆರೆಯಿತು. ಸೌಟು ಹಿಡಿಯಲು ದೇಶದೇಶಗಳ ಯುವಕ ಯುವತಿಯರು ಅಲ್ಲಿಗೆ ಬರುತ್ತಾರೆ. ೧೯೮೭ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯ ಮೂಲಕ ಯೂರೋಪಿನ ವಿದ್ಯಾರ್ಥಿಗಳು ಒಂದೆರಡು ಅವಧಿಯ ಮಟ್ಟಿಗೆ ಬಂದು ಹೋಗುತ್ತಾರೆ.

ಅಮೆರಿಕದಿಂದ ಬರುವವರ ಕಥೆ ಸ್ವಲ್ಪ ಬೇರೆ. ಹತ್ತೊಂಬತ್ತನೆಯ ಶತಮಾನದ ಕಡೆಯಿಂದ ಅನೇಕ ಬಾಸ್ಕ್ ತರುಣರು ನೆವಾಡ, ಐಡಹೊ ಪ್ರಾಂತಗಳ ಬಯಲುಗಳಿಗೆ ಕುರಿ ಕಾಯಲು ಹೋದರು. ಅವರ ಮೊಮ್ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಅಜ್ಜನ ಹೆಸರು ಉಳಿದಿತ್ತು, ಮಾತು ಹೋಗಿತ್ತು. ೧೯೬೭ರಲ್ಲಿ ನೆವಾಡ ವಿಶ್ವವಿದ್ಯಾಲಯ ಬಾಸ್ಕ್ ಅಧ್ಯಯನಕ್ಕೆ ಕೇಂದ್ರವೊಂದನ್ನು ತೆರೆಯಿತು. ೧೯೮೦ರ ದಶಕದ ಆರಂಭದಲ್ಲಿ ಅಲ್ಲಿಂದ ಸಾನ್ ಸೆಬಾಸ್ಟಿಯನ್ನಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಏರ್ಪಾಡು ಆಯಿತು. ಅದೇ ಬೆಳೆದು ಅನೇಕ ದೇಶಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ದೊಡ್ಡ ಒಕ್ಕೂಟವಾಯಿತು. ಅಜ್ಜ ಬಿಟ್ಟುಹೋದ ಮಾತನ್ನು ಹುಡುಕಿಕೊಂಡು ಮೊಮ್ಮಕ್ಕಳು ಕಡಲು ದಾಟಿದರು ಎಂಬುದು ಅದರ ಬೇರಿನಲ್ಲಿರುವ ಸಂಗತಿ.

‘ಹೊಸಮನೆ’ಯ ಸಂತ

ಹಾಗೆ ಹುಡುಕುವಂಥದೇನಿದೆ ಆ ಮಾತಿನಲ್ಲಿ? ಬಾಸ್ಕ್ ಜನ ತಮ್ಮ ನುಡಿಯನ್ನು ‘ಎಉಸ್ಕರ’ ಎಂದು ಕರೆಯುತ್ತಾರೆ. ಅದಕ್ಕೆ ಜಗತ್ತಿನಲ್ಲಿ ಬಂಧುಗಳಿಲ್ಲ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ರಷ್ಯನ್, ಕಡೆಗೆ ಸಂಸ್ಕೃತ, ಇವೆಲ್ಲ ದೂರದಲ್ಲಾದರೂ ಒಂದೇ ಕುಲದವು. ಎಉಸ್ಕರ ಆ ಕುಲಕ್ಕೆ ಸೇರಿದುದಲ್ಲ. ಬೇರಾವ ಕುಲಕ್ಕೂ ಸೇರಿದುದೆಂದು ಯಾರೂ ಸಾಧಿಸಿ ತೋರಿಸಿಲ್ಲ. ರೋಮನರು ಬರುವ ಮುನ್ನವೇ ಆ ನೆಲದಲ್ಲಿದ್ದ ನುಡಿ, ಲ್ಯಾಟಿನ್ ಸುತ್ತಮುತ್ತಲಿನ ನುಡಿಗಳನ್ನೆಲ್ಲ ನುಂಗಿದ ಮೇಲೂ ಉಳಿದುಕೊಂಡಿತು.

ಕನ್ನಡ ಬಲ್ಲವರಿಗೆ ಈ ಒಂಟಿ ನುಡಿಯಲ್ಲೊಂದು ಬೆರಗು ಕಾದಿದೆ. ‘ಎಚೆ’ ಎಂದರೆ ಮನೆ. ‘ಎಚೆರ’ ಎಂದರೆ ಮನೆಗೆ. ‘ಎಚೆತಿಕ್’ ಎಂದರೆ ಮನೆಯಿಂದ. ‘ಎಚೆಅನ್’ ಎಂದರೆ ಮನೆಯಲ್ಲಿ. ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಪದದ ಮುಂದೆ ನಿಲ್ಲುವುದು ಇಲ್ಲಿ, ನಮ್ಮ ವಿಭಕ್ತಿಯಂತೆ, ಪದದ ಬೆನ್ನಿಗೆ ಅಂಟುತ್ತದೆ. ‘ನಿ ಎಚೆರ ನೋಅ’ ಎಂದರೆ ‘ನಾನು ಮನೆಗೆ ಹೋಗುತ್ತೇನೆ’. ಪದಕ್ಕೆ ಪದ, ಅದೇ ಕ್ರಮ. ‘ನಾನು’ ಎಂಬುದನ್ನು ಬಿಟ್ಟರೂ ಕ್ರಿಯಾಪದವೇ ಆಳನ್ನು ಹೇಳುತ್ತದೆ. ಇದು ನೆಂಟಸ್ತಿಕೆಯಲ್ಲ, ಬರಿಯ ಹೋಲಿಕೆ. ದೂರದೂರದ ಎರಡು ಮನೆಗಳಿಗೆ ಒಂದೇ ಬಗೆಯ ಪಡಸಾಲೆ ಇರುವಂತೆ. ಹೋಲದ ಭಾಗಗಳೂ ಧಾರಾಳವಾಗಿವೆ. ‘ನಾನು ಬಂದೆ’ ಎನ್ನುವಾಗ ‘ನಿ’ ಆದ ನಾನು, ‘ನಾನು ಸೇಬು ತಿಂದೆ’ ಎನ್ನುವಾಗ ‘ನಿಕ್’ ಆಗಬೇಕು. ಕರ್ಮವಿರುವ ಕ್ರಿಯೆಗೆ ಕರ್ತೃವಿನ ರೂಪವೇ ಬೇರೆ. ಎಣಿಕೆ ಇಪ್ಪತ್ತಿಪ್ಪತ್ತರಲ್ಲಿ ಸಾಗುವುದರಿಂದ ಅರುವತ್ತು ಎನ್ನಲು ‘ಮೂರು ಇಪ್ಪತ್ತು’, ಎಂಬತ್ತು ಎನ್ನಲು ‘ನಾಲ್ಕು ಇಪ್ಪತ್ತು’ ಎನ್ನಬೇಕು.

‘ಬೆರ್ರಿ’ ಎಂದರೆ ಹೊಸದು. ‘ಎಚೆ ಬೆರ್ರಿ’ ಎಂದರೆ ಹೊಸಮನೆ. ಈ ಎರಡು ಪದಗಳೇ ಕೂಡಿ, ಕರಗಿ, ‘ಶಬಿಯೆರ್’ ಎಂದಾಗಿ, ಝೇವಿಯರ್ ಎಂಬ ಹೆಸರಾಯಿತು. ಮಕ್ಕಳನ್ನು ಸೇಂಟ್ ಝೇವಿಯರ್ ಶಾಲೆಗೆ ಕಳುಹಿಸುವ ನಮ್ಮ ಕುಟುಂಬಗಳು ಅರಿಯದೆಯೇ ದಿನನಿತ್ಯ ಒಂದು ಬಾಸ್ಕ್ ಮಾತನ್ನು ಆಡುತ್ತಿವೆ. ಹೊಸಮನೆ ಎಂಬ ಮನೆತನದ ಹೆಸರು ಕನ್ನಡ ನಾಡಿನಲ್ಲಿಯೂ ಉಂಟಷ್ಟೆ! ಫ್ರಾನ್ಸಿಸ್ ಝೇವಿಯರ್ ೧೫೦೬ರಲ್ಲಿ ನವಾರ್ರದ ಆ ಹೆಸರಿನ ಕೋಟೆಮನೆಯಲ್ಲಿ ಹುಟ್ಟಿದವನು. ಅವನೂ ಪರದೇಶಕ್ಕೆ ಓದಲು ಹೋದ ವಿದ್ಯಾರ್ಥಿಯೇ. ಪ್ಯಾರಿಸ್ಸಿನ ವಿದ್ಯಾರ್ಥಿನಿಲಯದಲ್ಲಿ ಅವನಿಗೆ ಜೊತೆಯಾದವನು ಇನ್ನೊಬ್ಬ ಬಾಸ್ಕ್, ಗಿಪುಸ್ಕೋವದ ಲೊಯೋಲ ಮನೆತನದ ಇಗ್ನೇಷಿಯಸ್. ೧೫೪೨ರಲ್ಲಿ ಝೇವಿಯರ್ ಗೋವೆಗೆ ಬಂದನು. ಎರಡು ವರ್ಷಗಳ ಬಳಿಕ ದಕ್ಷಿಣದ ಕಡಲ ಕರೆಯಲ್ಲಿ ದುಭಾಷಿಯಿಲ್ಲದೆ ಕುಳಿತು ಬರೆದ ಪತ್ರವೊಂದರಲ್ಲಿ, ತನ್ನ ತಾಯ್ನುಡಿ ಬಾಸ್ಕ್, ಅಲ್ಲಿಯವರದು ಬೇರೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದು ಎಂದು ಹೇಳಿಕೊಂಡನು. ಪರನಾಡಿನಲ್ಲಿ ಮಾತು ಬಾರದೆ ಕುಳಿತವನ ಪಾಡು ಐದು ಶತಮಾನಗಳಾದರೂ ಬದಲಾಗಿಲ್ಲ.

ಮನೆಯೊಳಗಿನ ಶಾಲೆ

ಬಾಸ್ಕ್ ಮನುಷ್ಯನಿಗೆ ಅವನ ನುಡಿಯಲ್ಲಿ ‘ಎಉಸ್ಕಲ್ದುನ್’ ಎಂದು ಹೆಸರು. ಎಂದರೆ ಎಉಸ್ಕರ ಉಳ್ಳವನು. ಕುಲದಿಂದಲ್ಲ, ನೆಲದಿಂದಲ್ಲ, ನುಡಿಯಿಂದ ಆಳನ್ನು ಗುರುತಿಸುವ ಹೆಸರು. ಹಾಗಿದ್ದ ಮೇಲೆ ನುಡಿಯನ್ನು ಕಸಿದರೆ ಉಳಿಯುವುದೇನು?

ಅಂತರ್ಯುದ್ಧದಲ್ಲಿ ಗೆದ್ದ ಜನರಲ್ ಫ್ರಾಂಕೊ ೧೯೩೯ರಿಂದ ೧೯೭೫ರವರೆಗೆ ಸ್ಪೇನನ್ನು ಆಳಿದನು. ಆ ಆಳ್ವಿಕೆಯ ಮೊದಲ ದಶಕಗಳಲ್ಲಿ ಎಉಸ್ಕರ ಶಾಲೆಯಿಂದಲೂ ಕಚೇರಿಯಿಂದಲೂ ಹೊರಬಿದ್ದಿತು. ಮಕ್ಕಳಿಗೆ ಬಾಸ್ಕ್ ಹೆಸರನ್ನು ನೋಂದಾಯಿಸುವಂತಿರಲಿಲ್ಲ. ಬೀದಿಯಲ್ಲಿ ಆಡಲು ಜನ ಅಂಜಿದರು. ಎಷ್ಟೋ ತಾಯಿತಂದೆಯರು ಮಕ್ಕಳಿಗೆ ಕಷ್ಟ ಬಾರದಿರಲೆಂದು ಮನೆಯಲ್ಲಿಯೂ ಆಡುವುದನ್ನು ಬಿಟ್ಟರು. ಫ್ರಾಂಕೊ ಪ್ರತಿ ಬೇಸಗೆಯಲ್ಲಿಯೂ ವಿಶ್ರಾಂತಿಗೆಂದು ಬರುತ್ತಿದ್ದುದು ಇದೇ ಸಾನ್ ಸೆಬಾಸ್ಟಿಯನ್ನಿನ ಅಯೆತೆ ಅರಮನೆಗೆ. ಅದೇ ಊರಿನ ಹಳೆಯ ಪೇಟೆಯಲ್ಲಿ, ೧೯೪೦ರ ದಶಕದಲ್ಲಿ, ಎಲ್ಬಿರ ಸಿಪಿತ್ರಿಯ ಎಂಬ ಉಪಾಧ್ಯಾಯಿನಿ ಕೆಲವೇ ಮಕ್ಕಳನ್ನು ಮನೆಯೊಳಗೆ ಕೂರಿಸಿಕೊಂಡು ಎಉಸ್ಕರದಲ್ಲಿ ಪಾಠ ಹೇಳತೊಡಗಿದಳು. ಫಲಕವಿಲ್ಲ, ಗಂಟೆಯಿಲ್ಲ, ಪರವಾನಗಿಯಿಲ್ಲ. ಅಂಥ ಮನೆಪಾಠಗಳಿಂದಲೇ ಮುಂದೆ ‘ಇಕಾಸ್ತೋಲ’ ಎಂಬ ಬಾಸ್ಕ್ ಮಾಧ್ಯಮದ ಶಾಲೆಗಳು ನಾಡಿನಾದ್ಯಂತ ಹರಡಿದವು.

ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಎಲ್ಲರೂ ಒಪ್ಪುವ ಬರೆಹ ಬೇಕು. ಎಉಸ್ಕರದಲ್ಲಿ ಮೊದಲ ಪುಸ್ತಕ ಅಚ್ಚಾದುದು ೧೫೪೫ರಲ್ಲಿಯಾದರೂ ಕಣಿವೆಗೊಂದು ಉಪಭಾಷೆಯಿದ್ದಿತು. ೧೯೬೮ರಲ್ಲಿ ಭಾಷಾ ಅಕಾಡೆಮಿಯ ವಿದ್ವಾಂಸರು ಅರಾಂಚಾಸುವಿನ ಮಠದಲ್ಲಿ ಕಲೆತು ಏಕರೂಪದ ಬರೆಹಕ್ಕೆ ಅಡಿಗಲ್ಲಿಟ್ಟರು. ಅವರ ಮುಂದಾಳು ಕೊಲ್ದೊ ಮಿಚೆಲೆನ. ಅಂತರ್ಯುದ್ಧದ ದಿನಗಳಲ್ಲಿ ಮರಣದಂಡನೆಗೆ ಗುರಿಯಾಗಿ, ಅದು ರದ್ದಾಗಿ, ವರ್ಷಗಟ್ಟಲೆ ಸೆರೆಮನೆಯಲ್ಲಿದ್ದವನು. ಸಾನ್ ಸೆಬಾಸ್ಟಿಯನ್ನಿನ ದೊಡ್ಡ ಗ್ರಂಥಾಲಯವಿರುವ ಸಂಸ್ಕೃತಿಭವನಕ್ಕೆ ಅವನದೇ ಹೆಸರು.

೧೯೭೯ರ ಸ್ವಾಯತ್ತ ಶಾಸನ ಎರಡು ಭಾಷೆಗಳಿಗೂ ಅಧಿಕೃತ ಸ್ಥಾನ ಕೊಟ್ಟಿತು. ೧೯೮೦ರಲ್ಲಿ ‘ಕೊರ್ರಿಕ’ ಎಂಬ ಓಟ ಮೊದಲಾಯಿತು: ವಯಸ್ಕರಿಗೆ ಎಉಸ್ಕರ ಕಲಿಸುವ ಶಾಲೆಗಳಿಗೆ ಹಣ ಕೂಡಿಸಲು ಜನ ಹಗಲಿರುಳೆನ್ನದೆ ಊರಿಂದೂರಿಗೆ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತ ಓಡುತ್ತಾರೆ. ಕೋಲಿನೊಳಗೆ ಅಡಗಿಸಿಟ್ಟ ಸಂದೇಶವನ್ನು ಓಟ ಮುಗಿದಾಗ ಓದಲಾಗುತ್ತದೆ. ಫಲ ಬರಿಗಣ್ಣಿಗೆ ಕಾಣುವಂತಿದೆ. ಸ್ವಾಯತ್ತ ಪ್ರಾಂತದ ವಯಸ್ಕರಲ್ಲಿ ೧೯೯೧ರಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರು ಎಉಸ್ಕರ ಬಲ್ಲವರಾಗಿದ್ದರೆ, ೨೦೨೧ರ ಹೊತ್ತಿಗೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಲ್ಲವರಾದರು. ಎಳೆಯರಲ್ಲಿ ಈ ಪ್ರಮಾಣ ಇನ್ನೂ ದೊಡ್ಡದು.

ಈ ಕಥೆಗೆ ರಕ್ತದ ಅಧ್ಯಾಯವೂ ಒಂದುಂಟು. ೧೯೫೯ರಲ್ಲಿ ಹುಟ್ಟಿದ ಎತಾ ಎಂಬ ಸಂಘಟನೆ ಸ್ವಾತಂತ್ರ್ಯದ ಹೆಸರಿನಲ್ಲಿ ಆಯುಧ ಹಿಡಿದು ಎಂಟುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅದನ್ನು ಮಟ್ಟಹಾಕುವ ನೆಪದಲ್ಲಿ ಕಾನೂನಿನ ಹೊರಗಿನ ತಂಡಗಳೂ ಕೊಂದವು. ೨೦೧೧ರಲ್ಲಿ ಆ ಸಂಘಟನೆ ಹಿಂಸೆಯನ್ನು ಕೈಬಿಟ್ಟಿತು, ೨೦೧೮ರಲ್ಲಿ ವಿಸರ್ಜನೆಗೊಂಡಿತು. ಈ ಊರಿನಲ್ಲಿಯೇ ಹುಟ್ಟಿದ ಫೆರ್ನಾಂದೊ ಅರಂಬುರು ೨೦೧೬ರಲ್ಲಿ ಪ್ರಕಟಿಸಿದ ‘ಪಾತ್ರಿಯ’ ಕಾದಂಬರಿ, ಆ ವರ್ಷಗಳು ನೆರೆಹೊರೆಯ ಎರಡು ಕುಟುಂಬಗಳನ್ನು ಒಡೆದ ಬಗೆಯನ್ನು ಹೇಳುತ್ತದೆ. ಹೊಸದಾಗಿ ಬಂದವರು ಈ ಮಾತನ್ನು ಕೆದಕಿ ಕೇಳುವುದು ತರವಲ್ಲ. ಪಕ್ಕದಲ್ಲಿ ಕುಳಿತವರ ಮನೆಯಲ್ಲಿ ಯಾವ ಖಾಲಿ ಕುರ್ಚಿಯಿದೆಯೋ ಯಾರು ಬಲ್ಲರು? ಹೇಳಿದಾಗ ಕೇಳಿದರೆ ಸಾಕು.

ವಸತಿ, ಊಟ, ನಗಾರಿ

ಮನೆವಾರ್ತೆಯ ಮಾತೂ ಬೇಕಲ್ಲವೆ? ಸ್ಪೇನಿನಲ್ಲಿ ಮನೆ ಬಾಡಿಗೆ ದುಬಾರಿಯಾದ ಊರುಗಳಲ್ಲಿ ಇದೂ ಒಂದು. ಬೇಸಗೆಯಲ್ಲಿ ಪ್ರವಾಸಿಗಳಿಂದ ಹೆಚ್ಚು ಹಣ ದೊರೆಯುವುದರಿಂದ ಅನೇಕ ಮನೆಯೊಡೆಯರು ವಿದ್ಯಾರ್ಥಿಗಳಿಗೆ ಸೆಪ್ಟೆಂಬರಿನಿಂದ ಜೂನ್‌ವರೆಗೆ ಮಾತ್ರ ಕೋಣೆ ಕೊಡುತ್ತಾರೆ. ಮಧ್ಯಾಹ್ನದ ಊಟ ಎರಡು ಗಂಟೆಯ ಸುಮಾರಿಗೆ, ರಾತ್ರಿಯದು ಒಂಬತ್ತರ ಮೇಲೆ.

ಊರಿನ ಹೆಮ್ಮೆ ‘ಪಿಂಚೊ’. ರೊಟ್ಟಿಯ ತುಣುಕಿನ ಮೇಲೆ ಬಗೆಬಗೆಯ ತಿನಿಸನ್ನಿಟ್ಟು ಕಡ್ಡಿ ಚುಚ್ಚಿ ಅಂಗಡಿಯ ಕಟ್ಟೆಯ ಮೇಲೆ ಜೋಡಿಸಿರುತ್ತಾರೆ. ಜನ ಅಂಗಡಿಯಿಂದ ಅಂಗಡಿಗೆ ನಡೆಯುತ್ತ ಒಂದೊಂದನ್ನು ಸವಿಯುತ್ತಾರೆ. ಹೆಚ್ಚಿನವು ಮೀನು, ಮಾಂಸ. ಶಾಕಾಹಾರಿಗಳು ಎಚ್ಚರದಿಂದಿರಬೇಕು: ಆಲೂಗಡ್ಡೆಯ ದಪ್ಪ ದೋಸೆಯಂಥ ತೋರ್ತಿಯದಲ್ಲಿ ಮೊಟ್ಟೆಯಿದೆ, ಹೆಸರಾಂತ ಇದಿಯಾಸಬಾಲ್ ಗಿಣ್ಣನ್ನು ಕುರಿಯ ಹಾಲಿಗೆ ಕುರಿಮರಿಯ ಜಠರದ ಹೆಪ್ಪು ಕೊಟ್ಟು ಮಾಡುತ್ತಾರೆ. ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಗೆರ್ನಿಕದ ಹಸಿಮೆಣಸು, ಕಟ್ಟಾ ಶಾಕಾಹಾರಿಗೂ ನಿಶ್ಚಿಂತೆಯ ತಿನಿಸು.

ಜನವರಿ ೨೦ ಊರಿನ ಸಂತನ ಹಬ್ಬ. ನಡುರಾತ್ರಿಯಿಂದ ನಡುರಾತ್ರಿಯವರೆಗೆ, ಅಡಿಗೆಯವರಂತೆಯೂ ಸೈನಿಕರಂತೆಯೂ ವೇಷ ತೊಟ್ಟ ತಂಡಗಳು ನಗಾರಿ ಬಾರಿಸುತ್ತ ಬೀದಿಬೀದಿ ಸುತ್ತುತ್ತವೆ. ಊರನ್ನು ಆಕ್ರಮಿಸಿದ್ದ ಸೈನಿಕರ ನಗಾರಿಯನ್ನು ನೀರು ಹೊರುವವರು ತಮ್ಮ ಪಾತ್ರೆ ಬಡಿದು ಅಣಕಿಸಿದುದೇ ಇದಕ್ಕೆ ಮೂಲವೆಂದು ಹೇಳುವುದುಂಟು. ಆ ರಾತ್ರಿ ನಿದ್ದೆಯ ಆಸೆ ಬಿಡಬೇಕು.

ಹತ್ತು ಜನರ ನಡುವೆ ಒಬ್ಬರು

ಇನ್ನು ಮೊದಲು ಎತ್ತಿದ ಪ್ರಶ್ನೆ. ನಾಲ್ಕು ತಿಂಗಳಿಗೋ ಒಂದು ವರ್ಷಕ್ಕೋ ಬಂದವರು ಎಉಸ್ಕರ ಕಲಿಯಬೇಕೆ? ಲೆಕ್ಕಕ್ಕೆ ಕುಳಿತರೆ ಬೇಡವೆಂದೇ ಉತ್ತರ. ಊರಿನವರೆಲ್ಲರಿಗೂ ಸ್ಪ್ಯಾನಿಷ್ ಬರುತ್ತದೆ. ಉದ್ಯೋಗಕ್ಕೆ ಒದಗುವುದೂ ಅದೇ.

ಆದರೆ ಲೆಕ್ಕದ ಪುಸ್ತಕದಲ್ಲಿ ಕಾಣದ ಒಂದು ಬಾಬು ಇದೆ. ಮೇಜಿನ ಸುತ್ತ ಹತ್ತು ಮಂದಿ ಗೆಳೆಯರು ಎಉಸ್ಕರದಲ್ಲಿ ಹರಟುತ್ತಿರುವರೆನ್ನಿ. ಆ ನುಡಿಯರಿಯದ ಹನ್ನೊಂದನೆಯವರು ಬಂದು ಕೂಡುತ್ತಾರೆ. ಒಡನೆಯೇ ಹತ್ತು ಮಂದಿಯೂ ಸ್ಪ್ಯಾನಿಷಿಗೆ ಹೊರಳುತ್ತಾರೆ. ಯಾರೂ ಯಾರನ್ನೂ ಗದರಿಸಲಿಲ್ಲ, ಯಾವ ಸರಕಾರವೂ ಆಜ್ಞೆ ಹೊರಡಿಸಲಿಲ್ಲ. ಬರಿಯ ಸೌಜನ್ಯ ಒಂದು ಭಾಷೆಯನ್ನು ಮೇಜಿನಿಂದ ಎಬ್ಬಿಸಿತು. ಬಲ್ಲವರ ಸಂಖ್ಯೆ ಏರಿದರೂ ಬೀದಿಯಲ್ಲಿ ಆಡುವವರ ಸಂಖ್ಯೆ ಅಷ್ಟಾಗಿ ಏರದಿರುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಈ ನೋಟ ಹೊಸದೇನಲ್ಲ. ನಿಷೇಧಕ್ಕೆ ಬಗ್ಗದೆ ಮನೆಯೊಳಗೆ ಉಳಿದ ನುಡಿ ಅತಿಥಿಸತ್ಕಾರಕ್ಕೆ ಬಗ್ಗಿ ಮೌನವಾಗುತ್ತದೆ. ಆದುದರಿಂದ ಅತಿಥಿಯ ಅಜ್ಞಾನಕ್ಕೂ ಬೆಲೆಯುಂಟು. ಅದನ್ನು ತೆರುವವರು ಮಾತ್ರ ಆತಿಥೇಯರು.

ಇದಕ್ಕೆ ಬಾಸ್ಕ್ ಜನರೇ ಒಂದು ಜಾಣ ಉಪಾಯ ಕಂಡುಕೊಂಡರು. ೨೦೧೮ರಲ್ಲಿ ‘ಎಉಸ್ಕರಾಲ್ದಿಯ’ ಎಂಬ ಸಾಮೂಹಿಕ ಪ್ರಯತ್ನ ಮೊದಲಾಯಿತು. ಅದರಲ್ಲಿ ಸೇರಿದವರು ಎದೆಯ ಮೇಲೆ ಬಿಲ್ಲೆ ಧರಿಸುತ್ತಾರೆ. ಬಿಲ್ಲೆ ಎರಡು ಬಗೆ. ‘ಅಹೊಬಿಸಿ’, ಎಂದರೆ ಜೀವಂತ ಬಾಯಿ: ತಿಳಿಯಬಲ್ಲವರೆಲ್ಲರೊಡನೆ ಎಉಸ್ಕರದಲ್ಲಿಯೇ ಆಡುವವರು. ‘ಬೆಲಾರಿಪ್ರೆಸ್ತ್’, ಎಂದರೆ ಸಿದ್ಧವಾದ ಕಿವಿ: ಆಡಲು ಚೆನ್ನಾಗಿ ಬಾರದು, ಆದರೆ ತಿಳಿಯುತ್ತದೆ, ನನ್ನೊಡನೆ ನಿಮ್ಮ ನುಡಿಯಲ್ಲಿಯೇ ಮಾತನಾಡಿ ಎನ್ನುವವರು.

ಓದಲು ಬಂದವರಿಂದ ಊರು ಜೀವಂತ ಬಾಯನ್ನು ನಿರೀಕ್ಷಿಸುವುದಿಲ್ಲ. ಸಿದ್ಧವಾದ ಕಿವಿಯಾಗುವುದು ಒಂದು ವರ್ಷ ಇರುವವರ ಕೈಗೆ ಎಟುಕದ ಮಾತಲ್ಲ. ಅದಕ್ಕಾಗಿಯೇ ಸಂಜೆಯ ತರಗತಿಗಳುಂಟು. ಅಷ್ಟೂ ಬಿಡುವಿಲ್ಲದವರು ‘ಎಗುನ್ ಒನ್’ ಎಂದು ಶುಭೋದಯ ಹೇಳಿ, ‘ಎಸ್ಕೆರ್ರಿಕ್ ಅಸ್ಕೊ’ ಎಂದು ಕೃತಜ್ಞತೆ ಹೇಳಿ, ಮೇಜಿನ ಸುತ್ತಲಿನವರಿಗೆ ‘ನೀವು ಮುಂದುವರಿಸಿ, ಕೇಳುತ್ತಿರುತ್ತೇನೆ’ ಎಂದರೂ ಸಾಲದೆ ಹೋಗದು. ಪರದೇಶಕ್ಕೆ ಓದಲು ಹೊರಟವರ ಪೆಟ್ಟಿಗೆಯಲ್ಲಿ ತಾಯಂದಿರು ಉಪ್ಪಿನಕಾಯಿ ಇಡುವುದನ್ನು ಮರೆಯುವುದಿಲ್ಲ. ಹೋದ ಊರಿನ ಚಿಕ್ಕ ಭಾಷೆಯ ನಾಲ್ಕು ಮಾತನ್ನು ಮುಂಚಿತವಾಗಿ ಕಲಿತು ಹೋಗೆಂಬ ಬುದ್ಧಿಯನ್ನೂ ಅದರ ಜೊತೆಗೆ ಕಟ್ಟಿಕೊಟ್ಟರೆ ಒಳ್ಳೆಯದು. ಅದಕ್ಕೆ ತೂಕವೂ ಇಲ್ಲ, ಸುಂಕವೂ ಇಲ್ಲ.